ಏಜೆಂಟರ ಬಾಲಿ, ನಮ್ಮ ಬಾಲಿ

ಮೊದಲೇ ಸ್ಟಾರ್ ಕೊಟ್ಟುಬಿಡುತ್ತೇನೆ. ತುಮಕೂರಿನ ಒಂದು ಟ್ರಾವೆಲ್ ಏಜೆನ್ಸಿಯ ಬಾಲಿ ಪ್ಯಾಕೇಜಿಗೆ ಐದಕ್ಕೆ ಒಂದೂವರೆ. ಆ ಅರ್ಧ ಅವರು ಕುಡಿಸಿದ ಬಾದಾಮಿ ಹಾಲಿಗೆ. ಆಮೇಲೆ ನಾವೇ ಕೂತು ಮಾಡಿಕೊಂಡ ಪ್ಲಾನಿಗೆ ನಾಲ್ಕು. ಏಜೆನ್ಸಿ ಹೆಸರು ಬರೆಯುವುದಿಲ್ಲ. ಒಂದೇ ಊರಲ್ಲಿ ಬದುಕಬೇಕು, ಅವರ ಹುಡುಗರು ಜೆರಾಕ್ಸ್‌ಗೆ ನನ್ನ ಅಂಗಡಿಗೇ ಬರುತ್ತಾರೆ.

ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಬೆಳಗ್ಗೆಯಿಂದ ಸಂಜೆವರೆಗೆ ಬೇರೆಯವರ ಫಾರಂ ತುಂಬುವುದೇ ಕೆಲಸ. ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟ್, ಸಿಇಟಿ ಅರ್ಜಿ. ಇಷ್ಟಾದರೂ ವಿದೇಶ ಅಂದ ಕೂಡಲೇ ನನಗೂ ಕೈಕಾಲು ಆಡಲಿಲ್ಲ. ಅಲ್ಲಿವರೆಗೆ ನಮ್ಮ ಮನೆಯ ಉದ್ದದ ಪ್ರಯಾಣ ಅಂದರೆ ಕಾಶಿಗೆ ಹೋದ ರೈಲು. ಹಾಗಾಗಿ 2025ರ ಜನವರಿಯಲ್ಲಿ ಸೀದಾ ಏಜೆನ್ಸಿಗೆ ಹೋದೆ.

ಎಸಿ ರೂಮು, ಗೋಡೆ ತುಂಬಾ ಸಮುದ್ರದ ಫೋಟೋ. ಮಗಳ ಸೆಕೆಂಡ್ ಪಿಯು ಪರೀಕ್ಷೆ ಮಾರ್ಚ್ 20ಕ್ಕೆ ಮುಗಿಯುತ್ತದೆ ಅಂದೆ. ಹತ್ತು ನಿಮಿಷದಲ್ಲಿ ಬಣ್ಣದ ಹಾಳೆ ಪ್ರಿಂಟ್ ಆಗಿ ಬಂತು. ಮಾರ್ಚ್ 27ಕ್ಕೆ ಹೊರಡುವುದು, 28ಕ್ಕೆ ಬಾಲಿ. ಒಬ್ಬರಿಗೆ 78,500 ರೂಪಾಯಿ, ವಿಮಾನ ಸೇರಿ. ನಾನು, ಹೆಂಡತಿ, ಮಗಳು ಮೂವರಿಗೆ 2,35,500. ಇದರ ಮೇಲೆ ಆಗಿನ ಲೆಕ್ಕಕ್ಕೆ 5 ಪರ್ಸೆಂಟ್ ಜಿಎಸ್‌ಟಿ, 5 ಪರ್ಸೆಂಟ್ ಟಿಸಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಎರಡೂ ಸೇರಿ ಹತ್ತಿರ ಹತ್ತಿರ 24 ಸಾವಿರ. ಇದು ಹಾಳೆಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಟಿಸಿಎಸ್ ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತದೆ, ಜಿಎಸ್‌ಟಿ ಹೋದದ್ದು ಹೋದಂಗೆ. ವಿದೇಶಿ ಪ್ಯಾಕೇಜಿಗೆ ಟಿಸಿಎಸ್ ಕಡ್ಡಾಯ. ಆದರೆ ಟಿಕೆಟ್ ಒಂದು ಕಡೆ, ರೂಮು ಒಂದು ಕಡೆ ನಾವೇ ಬುಕ್ ಮಾಡಿದರೆ ಅದು ಪ್ಯಾಕೇಜೇ ಆಗುವುದಿಲ್ಲ. ಇದನ್ನು ಯಾಕೋ ಅಲ್ಲಿ ಯಾರೂ ಹೇಳಲಿಲ್ಲ.

ಯುಗಾದಿ ಮಧ್ಯದಲ್ಲಿ ಬರುತ್ತದಲ್ಲ ಅಂದೆ. "ಹಬ್ಬ ಪ್ರತಿ ವರ್ಷ ಬರುತ್ತೆ ಸಾರ್, ಈ ರೇಟ್ ಬರಲ್ಲ" ಅಂದರು. ಮಾತು ಚೆನ್ನಾಗಿತ್ತು. 15 ಸಾವಿರ ಅಡ್ವಾನ್ಸ್ ಕೊಟ್ಟು ಬಂದೆ.

ಮನೆಯಲ್ಲಿ ಅಮ್ಮ ಮಾತು ಬಿಟ್ಟರು. ಅಮಾವಾಸ್ಯೆ ದಿನ ಸಮುದ್ರದಾಚೆ, ಯುಗಾದಿ ದಿನ ಬೇವು ಬೆಲ್ಲ ಇಲ್ಲ, ಇದೆಂಥ ಪ್ರವಾಸ ಅಂತ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮಗಳು ಮಾತ್ರ ಉಬುದ್ ಊರಲ್ಲಿ ಒಂದು ಹೋಂಸ್ಟೇ ನೋಡಿಟ್ಟಿದ್ದಳು. ಏಜೆಂಟರ ಹೋಟೆಲಿಗಿಂತ ಅದು ಚೆನ್ನಾಗಿದೆ, ಕೇಳಿ ನೋಡೋಣ ಅಂತ ಅವರಿಗೊಂದು ಮೆಸೇಜ್ ಹಾಕಿದಳು. ಮಾಲೀಕರ ಉತ್ತರ ರಾತ್ರಿಯೇ ಬಂತು. 28ಕ್ಕೆ ಬನ್ನಿ, ಸಂತೋಷ. ಆದರೆ 29ಕ್ಕೆ ನ್ಯೆಪಿ. ಅವತ್ತು ನೀವು ಗೇಟ್ ದಾಟುವಂತಿಲ್ಲ. ನಮ್ಮ ಶಕ ವರ್ಷ 1947 ಶುರುವಾಗುವ ದಿನ.

1947? ಸ್ವಾತಂತ್ರ್ಯ ಬಂದ ವರ್ಷ ಅಲ್ವಾ ಅಂದುಕೊಂಡೆ. ಆಮೇಲೆ ಗೋಡೆ ಮೇಲಿದ್ದ ಕ್ಯಾಲೆಂಡರ್ ತೆಗೆದು ಮಾರ್ಚ್ ಹಾಳೆ ಮಗುಚಿದೆ. 29 ಶನಿವಾರ, ಅಮಾವಾಸ್ಯೆ. 30 ಭಾನುವಾರ, ಯುಗಾದಿ, ಶಾಲಿವಾಹನ ಶಕ 1947, ವಿಶ್ವಾವಸು ಸಂವತ್ಸರ. ನಮ್ಮ ಗೋಡೆಯ ಲೆಕ್ಕವೂ ಆ ದ್ವೀಪದ ಲೆಕ್ಕವೂ ಒಂದೇ ಶಕದ್ದು! ನಾವು ಒಬ್ಬಟ್ಟು ತಟ್ಟಿ ಹೊಸ ವರ್ಷ ಮಾಡಿದರೆ ಅವರು ಬಾಯಿ ಮುಚ್ಚಿಕೊಂಡು ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ನ್ಯೆಪಿ ದಿನ ಬೆಂಕಿ ಹಚ್ಚುವಂತಿಲ್ಲ, ದೀಪ ಹಾಕುವಂತಿಲ್ಲ, ಕೆಲಸ ಇಲ್ಲ, ತಿರುಗಾಟ ಇಲ್ಲ. ಬೀದಿಯಲ್ಲಿ ಪೆಚಲಾಂಗ್ ಅನ್ನುವ ಊರ ಕಾವಲುಗಾರರು ಬಿಟ್ಟರೆ ನರಪಿಳ್ಳೆ ಇರುವುದಿಲ್ಲ. ವಿಮಾನ ನಿಲ್ದಾಣವೇ ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ಬಂದ್. ಟೂರಿಸ್ಟರಿಗೂ ವಿನಾಯಿತಿ ಇಲ್ಲ, ಹೋಟೆಲ್ ಒಳಗೇ ಇರಬೇಕು.

ಈಗ ಏಜೆಂಟರ ಬಣ್ಣದ ಹಾಳೆ ತೆಗೆದು 29ನೇ ತಾರೀಕು ನೋಡಿದೆ. "ಬೆಳಗ್ಗೆ ತಾಂಜುಂಗ್ ಬೆನೋವಾದಲ್ಲಿ ವಾಟರ್ ಸ್ಪೋರ್ಟ್ಸ್, ಸಂಜೆ ಉಲುವಾಟು ದೇವಸ್ಥಾನ, ಸೂರ್ಯಾಸ್ತ, ಕೆಚಾಕ್ ನೃತ್ಯ." ಇಡೀ ದ್ವೀಪ ಕದ ಹಾಕಿಕೊಂಡು ಕೂತಿರುವ ದಿನ ನಮಗೆ ಮಾತ್ರ ಸಮುದ್ರದಲ್ಲಿ ಬಾಳೆಹಣ್ಣಿನ ಆಕಾರದ ದೋಣಿ ಸವಾರಿ!

ಹೋಗಿ ಕೇಳಿದೆ. "ಹೌದಾ ಸಾರ್? ಅಡ್ಜಸ್ಟ್ ಮಾಡೋಣ ಬಿಡಿ" ಅಂದರು. ನಾನು ದುಡ್ಡು ವಾಪಸ್ ಕೇಳಿದೆ. 9 ಸಾವಿರ ಬಂತು. 6 ಸಾವಿರ ಪ್ರೊಸೆಸಿಂಗ್ ಚಾರ್ಜ್ ಅಂತೆ. ಏನು ಪ್ರೊಸೆಸ್ ಮಾಡಿದರು ಅಂತ ಕೇಳಿದರೆ ಇನ್ನೊಂದು ಬಾದಾಮಿ ಹಾಲು ತರಿಸಿದರು. ಅವರು ತಪ್ಪು ಮಾಡಿದ್ದಕ್ಕೆ ನಾನು ಕೋಪ ಮಾಡಿಕೊಳ್ಳಲಿಲ್ಲ. ತಪ್ಪು ನಾನೂ ಮಾಡುತ್ತೇನೆ. ಒಂದು ಸಲ ಒಬ್ಬರ ಹುಟ್ಟಿದ ವರ್ಷವನ್ನೇ ಹತ್ತು ವರ್ಷ ಹಿಂದೆ ಹಾಕಿದ್ದೆ. ಆದರೆ ಏಜೆಂಟ್ ಕೈಗೆ ನಾವು ಕೊಡುವ ದುಡ್ಡು ಯಾವುದಕ್ಕೆ? ಟಿಕೆಟ್ ಒತ್ತುವುದಕ್ಕಲ್ಲ. ಆ ಊರಲ್ಲಿ ಯಾವತ್ತು ಏನು ಅಂತ ಗೊತ್ತಿರುವುದಕ್ಕೆ. ಅದೇ ಗೊತ್ತಿಲ್ಲ ಅಂದಮೇಲೆ ಫಾರಂ ನಾನೇ ತುಂಬುತ್ತೇನೆ.

ಸಿಇಟಿ ಏಪ್ರಿಲ್ 16, 17ಕ್ಕೆ ಇತ್ತು. ಅದು ಮುಗಿಸಿಕೊಂಡು 19ರ ರಾತ್ರಿ ಹೊರಡುವುದು ಅಂತ ಮಾಡಿದೆವು. ಏಪ್ರಿಲ್‌ನಿಂದ ಅಲ್ಲಿ ಒಣ ಹವೆ ಶುರು, ಅದೂ ಒಳ್ಳೆಯದೇ ಆಯಿತು. ಬೆಂಗಳೂರಿಂದ ಬಾಲಿಯ ಡೆನ್‌ಪಸಾರ್‌ಗೆ 2024ರ ಮಾರ್ಚ್‌ನಿಂದ ಇಂಡಿಗೊ ನೇರ ವಿಮಾನ ಇದೆ. ಸುಮಾರು ಏಳು ಗಂಟೆ. ಹೋಗಿಬರುವ ಟಿಕೆಟ್ ಒಬ್ಬರಿಗೆ 31,400 ಬಿತ್ತು.

ಟಿಕೆಟ್ ಬುಕ್ ಮಾಡುವಾಗ ನಮ್ಮ ಕಡೆಯವರಿಗೆ ಮಾತ್ರ ಬರುವ ಒಂದು ತಲೆನೋವು ಬಂತು. ಸರ್‌ನೇಮ್. ನಮ್ಮಲ್ಲಿ ಸರ್‌ನೇಮ್ ಎಲ್ಲಿರುತ್ತದೆ? ಊರಿನ ಅಕ್ಷರ, ಅಪ್ಪನ ಅಕ್ಷರ, ಮುಗೀತು. ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಟಿಕೆಟ್ ಫಾರಂ ಖಾಲಿ ಬಿಡಲು ಒಪ್ಪುವುದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಎರಡೂ ಕಡೆ ಅದೇ ಹೆಸರು ಹಾಕಿ ಅಂದರು. ಟಿಕೆಟಿನಲ್ಲಿ ಅವಳ ಹೆಸರು ಎರಡು ಸಲ ಅಚ್ಚಾಯಿತು, ಯಾರೋ ದೂರದಿಂದ ಕೂಗಿ ಕರೆದ ಹಾಗೆ. ಅದನ್ನು ಹೇಳಿ ಮಗಳು ಇವತ್ತಿಗೂ ನಗುತ್ತಾಳೆ. ಯಾವ ತೊಂದರೆಯೂ ಆಗಲಿಲ್ಲ. ಆದರೆ ಟಿಕೆಟ್ ಒತ್ತುವ ಮುಂಚೆ ವಿಮಾನದವರನ್ನೇ ಕೇಳಿ, ಪಕ್ಕದ ಮನೆಯವರನ್ನಲ್ಲ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು, ಅದನ್ನೂ ನೋಡಿಕೊಳ್ಳಿ.

ವೀಸಾ ದೊಡ್ಡ ವಿಷಯವೇ ಅಲ್ಲ. ಅಲ್ಲಿ ಇಳಿದಮೇಲೂ ಸಿಗುತ್ತದೆ, ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲೂ ಮಾಡಬಹುದು. 30 ದಿನಕ್ಕೆ 5 ಲಕ್ಷ ರುಪಿಯಾ. ಲಕ್ಷ ಅಂತ ಗಾಬರಿ ಬೇಡ, ನಮ್ಮ ದುಡ್ಡಲ್ಲಿ 2,600ರ ಹತ್ತಿರ. ಇದಲ್ಲದೆ 2024ರ ಫೆಬ್ರವರಿಯಿಂದ ಬಾಲಿಗೆ ಬರುವ ವಿದೇಶಿಯರಿಗೆ 1,50,000 ರುಪಿಯಾ ತೆರಿಗೆ ಇದೆ. ನನ್ನ ಅನುಭವದ ಮಾತು ಒಂದೇ. ಹುಡುಕಿದರೆ ಮೊದಲು ಬರುವುದು ಸರ್ಕಾರದ ಸೈಟ್ ಥರಾನೇ ಕಾಣುವ ದಲ್ಲಾಳಿ ಸೈಟುಗಳು, ಡಬಲ್ ದುಡ್ಡು ಕೀಳುತ್ತವೆ. ವೀಸಾ ಸೈಟಿನ ವಿಳಾಸದ ಕೊನೆಗೆ "ಗೋ ಡಾಟ್ ಐಡಿ" ಇದೆಯಾ ನೋಡಿ. ನಾವು ಹೋದಾಗ ಕಸ್ಟಮ್ಸ್ ಫಾರಂ ಬೇರೆ ತುಂಬಿದ್ದೆವು. ಈಗ ಇಂಥ ಫಾರಂಗಳನ್ನೆಲ್ಲ ಸೇರಿಸಿ "ಆಲ್ ಇಂಡೋನೇಷ್ಯಾ" ಅಂತ ಒಂದೇ ಫಾರಂ ಮಾಡಿದ್ದಾರೆ, ಅದು ಫ್ರೀ.

ವಿಮಾನ ನಿಲ್ದಾಣಕ್ಕೆ ಬೆಂಗಳೂರು ಊರೊಳಗೆ ಹೋಗಲೇಬೇಡಿ. ತುಮಕೂರಿಂದ ದಾಬಸ್‌ಪೇಟೆ, ಅಲ್ಲಿಂದ ಹೊಸ ರಿಂಗ್ ರೋಡಿನಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ. ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ವಿಮಾನ ತಪ್ಪಿಸಿಕೊಂಡವರ ಕಥೆ ಸಾಕಷ್ಟು ಕೇಳಿದ್ದೇನೆ.

ಉಬುದ್‌ನ ಹೋಂಸ್ಟೇಗೆ ಐದಕ್ಕೆ ಐದು. ಮೂವರಿಗೆ ಒಂದು ದೊಡ್ಡ ರೂಮು, ತಿಂಡಿ ಸೇರಿ ರಾತ್ರಿಗೆ 2,900 ರೂಪಾಯಿ. ಮಾಲೀಕರ ಹೆಂಡತಿ ಬೆಳಗ್ಗೆ ತೆಂಗಿನ ಎಳೆ ಗರಿಯಲ್ಲಿ ಅಂಗೈ ಅಗಲದ ತಟ್ಟೆ ಹೆಣೆದು, ಹೂವಿಟ್ಟು, ಒಂದು ಚಿಟಿಕೆ ಅನ್ನ, ಒಂದು ಊದುಬತ್ತಿ ಇಟ್ಟು ಬಾಗಿಲಲ್ಲಿ, ಮೆಟ್ಟಿಲಲ್ಲಿ, ಸ್ಕೂಟರ್ ಮೇಲೂ ಇಡುತ್ತಿದ್ದರು. ಚಾನಾಂಗ್ ಅಂತ ಹೆಸರು. ನನ್ನ ಹೆಂಡತಿ ತಿಪಟೂರಿನವಳು, ತೆಂಗಿನ ತೋಟದಲ್ಲೇ ಬೆಳೆದವಳು. ಎರಡನೇ ದಿನ ಪಕ್ಕ ಕೂತು ತಾನೂ ಹೆಣೆದಳು. ಇಬ್ಬರಿಗೂ ಭಾಷೆ ಬಾರದು. ಗರಿ ಸೀಳುವ ರೀತಿ ನೋಡಿಯೇ ಆಕೆ ಇವಳ ಕೈಗೆ ಚಾಕು ಕೊಟ್ಟುಬಿಟ್ಟರು.

ಊಟದ ವಿಷಯ. ನಾವು ಸಸ್ಯಾಹಾರಿಗಳು. ತೆಂಪೆ, ತೋಫು, ಅನ್ನ, ಕಡಲೆಕಾಯಿ ಸಾರು ಹಾಕಿದ ತರಕಾರಿ ಎಲ್ಲ ಕಡೆ ಸಿಗುತ್ತದೆ. ಆದರೆ ಸಾಂಬಲ್ ಅನ್ನುವ ಅವರ ಖಾರದ ಚಟ್ನಿಗೆ ತೆರಾಸಿ ಹಾಕುತ್ತಾರೆ. ಒಣ ಸೀಗಡಿಯ ಪೇಸ್ಟ್ ಅದು. ಕಣ್ಣಿಗೆ ಕಾಣುವುದಿಲ್ಲ, "ವೆಜ್" ಅಂದರೆ ಅವರ ಲೆಕ್ಕಕ್ಕೆ ಅದು ಬರುವುದೂ ಇಲ್ಲ. "ತನ್ಪಾ ತೆರಾಸಿ" ಅಂತ ಬಾಯಿಪಾಠ ಮಾಡಿಕೊಳ್ಳಿ, ತೆರಾಸಿ ಬೇಡ ಅಂತ ಅರ್ಥ. ನಾಲ್ಕನೇ ದಿನಕ್ಕೆ ನನಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕನಸಲ್ಲಿ ಬಂತು, ಅದು ಬೇರೆ ಮಾತು.

ಈಗ ನಮ್ಮ ಪ್ಲಾನಿಗೆ ಕಡಿಮೆಯಾದ ಆ ಒಂದು ಸ್ಟಾರ್ ಬಗ್ಗೆ. ನ್ಯೆಪಿ ತಪ್ಪಿಸಿಕೊಂಡೆ ಅಂತ ಬೀಗುತ್ತಿದ್ದೆನಲ್ಲ, 23ಕ್ಕೆ ಜತಿಲುವಿಯ ಮೆಟ್ಟಿಲು ಗದ್ದೆ ನೋಡಲು ಕಾರು ಕೇಳಿದರೆ ಒಬ್ಬ ಡ್ರೈವರೂ ಇಲ್ಲ. ಅವತ್ತು ಗಲುಂಗಾನ್. ನಮ್ಮ ದೀಪಾವಳಿಯಷ್ಟು ದೊಡ್ಡ ಹಬ್ಬ. ಇದು ಶಕದ ಲೆಕ್ಕದ್ದಲ್ಲ, 210 ದಿನದ ಇನ್ನೊಂದು ಪಂಚಾಂಗದ್ದು. 210 ದಿನಕ್ಕೊಮ್ಮೆ ತಿರುಗಿ ಬರುತ್ತದೆ. ನಮ್ಮ ಗೋಡೆ ಕ್ಯಾಲೆಂಡರ್ ಇಲ್ಲಿ ಕೈ ಕೊಟ್ಟಿತು. ಯಾಕೆ ಮೊದಲೇ ಹೇಳಲಿಲ್ಲ ಅಂದರೆ ಮಾಲೀಕರು ನಕ್ಕರು. "ನೀವು ಕೇಳಲಿಲ್ಲ" ಅಂದರು. ಹಿಂದಿನ ದಿನ ಊರೆಲ್ಲ ಹಂದಿ ಕೊಯ್ಯುತ್ತಾರೆ, ಬೆಳಗಿನ ಜಾವಕ್ಕೇ ಸದ್ದು. ಸೂಕ್ಷ್ಮ ಮನಸ್ಸಿನವರಿಗೆ ಇದನ್ನು ಹೇಳಲೇಬೇಕು, ನನ್ನ ಮಗಳು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕೂತಿದ್ದಳು.

ಆದರೆ ಹಬ್ಬದ ದಿನ ಸುಮ್ನೆ ಬೀದಿಯಲ್ಲಿ ನಡೆದೆವು. ಪ್ರತಿ ಮನೆ ಮುಂದೆ ಪೆಂಜೋರ್. ಇಡೀ ಬಿದಿರು, ತುದಿ ಬಾಗಿ ರಸ್ತೆ ಮೇಲೆ ತೂಗುತ್ತದೆ. ಮೈತುಂಬಾ ತೆಂಗಿನ ಗರಿಯ ಹೆಣಿಗೆ, ತೆನೆ, ಕಾಯಿ. ಎರಡೂ ಕಡೆಯಿಂದ ಬಾಗಿ ರಸ್ತೆಯೇ ಚಪ್ಪರ ಆಗಿತ್ತು. ಮನೆಯವರು ಕೊಬ್ಬರಿ ತುರಿ ಹಾಕಿದ ಅಂಟು ಅಕ್ಕಿಯ ಸಿಹಿ ಕೊಟ್ಟರು. ಸಿಹಿ ಕಡಿಮೆ, ಬೆಲ್ಲ ಜಾಸ್ತಿ ಬೇಕಿತ್ತು ಅಂತ ನನ್ನ ಹೆಂಡತಿಯ ಅಭಿಪ್ರಾಯ.

ಗದ್ದೆ ಮರುದಿನ ನೋಡಿದೆವು. ಅಲ್ಲಿ ನೀರು ಹಂಚುವುದಕ್ಕೆ ಸುಬಾಕ್ ಅಂತ ರೈತರದೇ ಸಂಘ ಇದೆ, ಅದಕ್ಕೆ ದೇವಸ್ಥಾನವೂ ಉಂಟು. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಡ್ರೈವರ್ ವಿವರಿಸುವಾಗ ನನಗೆ ನಮ್ಮೂರ ಕೆರೆಯ ನೀರುಗಂಟಿ ನೆನಪಾದ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಹೇಳುತ್ತಿದ್ದವನು. ನಮ್ಮಲ್ಲಿ ಅವನೂ ಇಲ್ಲ, ಗದ್ದೆಯೂ ಇಲ್ಲ, ಎಲ್ಲ ಅಡಿಕೆ.

ಇನ್ನೊಂದು, ಎಟಿಎಂ. ನಾನು ಬಳಸಿದ ಮಿಷನ್ ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ಕೊಡುವಂಥದ್ದು. ನೋಟಿನ ಸೊನ್ನೆ ಎಣಿಸುತ್ತಾ ಹೊರಟೇಬಿಟ್ಟಿದ್ದೆ. ಹಿಂದೆ ನಿಂತಿದ್ದ ಹೆಂಗಸು ಓಡಿಬಂದು ಕಾರ್ಡ್ ಕೈಗಿಟ್ಟರು.

ಒಟ್ಟು ಏಳು ರಾತ್ರಿಗೆ ಮೂವರಿಗೆ 1,66,000 ಖರ್ಚು. ಟಿಕೆಟ್, ವೀಸಾ, ಇನ್ಶೂರೆನ್ಸ್, ದೇವನಹಳ್ಳಿಗೆ ಟ್ಯಾಕ್ಸಿ ಎಲ್ಲ ಸೇರಿ. ಪ್ರೊಸೆಸಿಂಗ್ ಚಾರ್ಜಿನ 6 ಸಾವಿರ ಬೇರೆ.

ಮೊನ್ನೆ ಆ ಏಜೆನ್ಸಿಯ ಹುಡುಗ ಅಂಗಡಿಗೆ ಬಂದಿದ್ದ. ಹೊಸ ಬಾಲಿ ಪ್ಯಾಕೇಜ್, ಹತ್ತು ಕಾಪಿ ಬೇಕು ಅಂದ. ಮಿಷನ್ ಮೇಲೆ ಇಡುವಾಗ ಕಣ್ಣು ತಾರೀಕಿನ ಮೇಲೆ ಹೋಯಿತು. ಮೂರನೇ ದಿನ, ವಾಟರ್ ಸ್ಪೋರ್ಟ್ಸ್, 2026 ಮಾರ್ಚ್ 19. ಗೋಡೆ ನೋಡಿದೆ. ಗುರುವಾರ, ಯುಗಾದಿ. ಈ ಸಲ ನ್ಯೆಪಿಯೂ ಅದೇ ದಿನ. ಕೆಂಪು ಪೆನ್ನಲ್ಲಿ 19ಕ್ಕೆ ಒಂದು ಸುತ್ತು ಹಾಕಿ, ನಿಮ್ಮ ಸಾಹೇಬರಿಗೆ ತೋರಿಸು ಅಂದೆ. ಹುಡುಗ ಹಾಳೆ ನೋಡಿ, ನನ್ನನ್ನು ನೋಡಿ, "ಅಣ್ಣ, ಆ ಸುತ್ತು ಹತ್ತೂ ಕಾಪಿಯಲ್ಲಿ ಬರುತ್ತಾ?" ಅಂದ.