ನವೆಂಬರ್ 1ರ ಊಟಕ್ಕೆ ಪತ್ರೊಡೆಯೋ, ಬಿಸಿಬೇಳೆಬಾತೋ?

ಕಾಸರಗೋಡಿನ ಕನ್ನಡಿಗರಿಗೆ ನವೆಂಬರ್ 1 ಬರಿಯ ಹಬ್ಬದ ದಿನವಲ್ಲ. 1956ರಲ್ಲಿ ಅದೇ ದಿನ ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಆದ್ದರಿಂದ ರಾಜ್ಯೋತ್ಸವದ ಊಟಕ್ಕೆ ಏನು ಮಾಡಿಸುವುದೆಂದು ಯೋಚಿಸುವವರು ರುಚಿಯ ಜೊತೆಗೆ, ಆ ತಿನಿಸು ಯಾರ ನೆನಪನ್ನು ಹೊತ್ತು ತರುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ.

ಬಿಸಿಬೇಳೆಬಾತ್ ಮೈಸೂರು ಸೀಮೆಯದು. ಅಕ್ಕಿ, ತೊಗರಿಬೇಳೆ, ಹುಣಸೆ, ಮರಾಠಿ ಮೊಗ್ಗಿನ ಮಸಾಲೆ ಎಲ್ಲವೂ ಒಂದೇ ಕೊಪ್ಪರಿಗೆಯಲ್ಲಿ ನೂರಾರು ಜನರಿಗಾಗುವಷ್ಟು ಬೇಯುತ್ತವೆ. ಹೋಟೆಲುಗಳ ಮೂಲಕ ಅದು ಕರ್ನಾಟಕದ ಗುರುತಾಗಿದೆ. ಆದರೆ ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಅದಿರಲಿಲ್ಲ.

ಪತ್ರೊಡೆಯ ಮಾತೇ ಬೇರೆ. ಮಳೆಗಾಲದ ಕೆಸುವಿನೆಲೆಯನ್ನು ಬೋರಲು ಹಾಕಿ, ದಪ್ಪ ನಾರನ್ನು ಸವರಿ ತೆಗೆದು, ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ಹುಣಸೆ, ಬೆಲ್ಲ, ಒಣಮೆಣಸು, ಕೊತ್ತಂಬರಿಯೊಂದಿಗೆ ರುಬ್ಬಿದ ಹಿಟ್ಟನ್ನು ಬೆರಳಿನಿಂದ ಹಚ್ಚುತ್ತ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವ ಈ ತಿಂಡಿ ಹವ್ಯಕರ ಮನೆಗಳಲ್ಲಿಯೂ ತುಳು, ಕೊಂಕಣಿ ಮನೆಗಳಲ್ಲಿಯೂ ಇದೆ. ರಾಜ್ಯಗಳ ಗಡಿ ಗುರುತಿಸುವುದಕ್ಕೆ ಮೊದಲೇ ಇತ್ತು. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ನವೆಂಬರಿನಲ್ಲಿ ಎಳೆಯ ಎಲೆ ಸಿಗುವುದೂ ಕಷ್ಟ.

ಐನೂರು ಜನರ ಸಮಾರಂಭವಾದರೆ ಬಿಸಿಬೇಳೆಬಾತೇ ಅನುಕೂಲ. ಐವತ್ತು ಜನರ ಕೂಟವಾದರೆ ಪತ್ರೊಡೆಯನ್ನೇ ಮಾಡಿಸಿ ಎಂದು ಒತ್ತಾಯಿಸುತ್ತೇನೆ: ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಕನ್ನಡ ಬೆಳೆದದ್ದು ಅದನ್ನು ಉಂಡ ಮನೆಗಳಲ್ಲಿ. ನೀರಿನಾಸರೆಯ ತೋಟವಿರುವವರಿಗೆ ಎಲೆಯ ವಿಚಾರವನ್ನು ಒಂದು ವಾರ ಮೊದಲೇ ಹೇಳಿಡಬೇಕು.