ಜೆಟ್ ಬೋಟ್ ಎಂಜಿನ್‌ಗೆ ಕೆರೆ ನೀರು: ನಾಲ್ಕು ಫಿಲ್ಟರ್ ಹಾಕಿ ನೋಡಿದ್ದು

ಜೊಂಡು ತುಂಬಿದ ಕೆರೆಯಲ್ಲಿ ಕೆಲಸ ಮಾಡಲು ಜೆಟ್ ಬೋಟ್ ಒಳ್ಳೆಯದು. ತಳದ ಜಾಲರಿಯಿಂದ ನೀರು ಎಳೆದುಕೊಂಡು ಹಿಂದಕ್ಕೆ ಜೋರಾಗಿ ಚಿಮ್ಮಿಸಿ ಮುಂದೆ ಹೋಗುತ್ತದೆ. ಹೊರಗೆ ತಿರುಗುವ ರೆಕ್ಕೆ ಇಲ್ಲ. ನೀರು ತೀರಾ ಕಡಿಮೆ ಇದ್ದರೂ ಓಡುತ್ತದೆ. ತೊಂದರೆ ಇರುವುದು ಎಂಜಿನ್ ತಣ್ಣಗಿಡುವ ನೀರಿನಲ್ಲಿ. ಬಹಳಷ್ಟು ಜೆಟ್ ಬೋಟ್‌ಗಳಲ್ಲಿ ಆ ನೀರೂ ಜೆಟ್ ಪಂಪಿನಿಂದಲೇ ಬರುತ್ತದೆ. ಜಾಲರಿ ದಾಟಿ ಬಂದ ಕಸವನ್ನೆಲ್ಲ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ, ಚೂರು ಚೂರು ಮಾಡುತ್ತದೆ. ಆ ಚೂರುಗಳಲ್ಲಿ ಒಂದು ಪಾಲು ನೇರ ಎಂಜಿನ್ ಕಡೆ ಹೊರಡುತ್ತದೆ.

ಬೆಂಗಳೂರಿನ ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಇಂಥ ಒಂದು ಬೋಟಿನ ಎಂಜಿನ್ ನೋಡಿಕೊಳ್ಳುವ ಕೆಲಸ ಇದೆ. ಊರಿನ ಪೂರ್ವಕ್ಕಿರುವ ಒಂದು ಕೆರೆಯಲ್ಲಿ ಕಳೆ ತೆಗೆಯುವವರ ಬೋಟ್ ಅದು. ಪೆಟ್ರೋಲ್ ಎಂಜಿನ್. ಕೆರೆ ನೀರೇ ಬ್ಲಾಕ್ ಒಳಗೆ ಸುತ್ತಿ, ಎಕ್ಸಾಸ್ಟ್ ಜೊತೆ ಹೊರಗೆ ಬೀಳುತ್ತದೆ. ಅದಕ್ಕೆ ಒಂದಾದ ಮೇಲೊಂದರಂತೆ ನಾಲ್ಕು ಬಗೆಯ ಫಿಲ್ಟರ್ ಕೂರಿಸಿ ನೋಡಿದೆವು. ಪ್ರತಿ ಸಲವೂ ಫಿಲ್ಟರಿನ ಹಿಂದೊಂದು, ಮುಂದೊಂದು ಪ್ರೆಷರ್ ಗೇಜ್ ಹಾಕಿದ್ದೆವು. ಎರಡೂ ಸೂಜಿಗಳ ನಡುವೆ ಅಂತರ ಹೆಚ್ಚಿತು ಎಂದರೆ ಫಿಲ್ಟರ್ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಗೇಜ್ ಇಲ್ಲದೆ ಫಿಲ್ಟರ್ ಹೋಲಿಸುವುದು ಸುಮ್ನೆ ಮಾತಾಗುತ್ತದೆ.

ಮೊದಲು ವೈ ಸ್ಟ್ರೈನರ್, ಅಂದರೆ Y ಆಕಾರದ ಪೈಪ್ ಜರಡಿ. ಎಸ್.ಜೆ.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಹಿತ್ತಾಳೆಯ ಗಟ್ಟಿ ಸಾಮಾನು, ಒತ್ತಡಕ್ಕೆ ಹೆದರುವುದಿಲ್ಲ. ಆದರೆ ಒಳಗಿನ ಜಾಲರಿ ಬೆರಳುದ್ದ. ಅಂತರಗಂಗೆ ಎಂಬ ತೇಲುವ ಕಳೆಯ ಒಂದು ಹಿಡಿ ಬೇರು ಬಂದರೆ ಮುಗಿಯಿತು. ಬಿಚ್ಚಲು ಸ್ಪ್ಯಾನರ್ ಬೇಕು, ಮುಚ್ಚಳ ಕೈಜಾರಿದರೆ ಬೋಟಿನ ತಳದ ಕೊಳಕು ನೀರಿನಲ್ಲಿ ತಡಕಾಡಬೇಕು. ನಲ್ಲಿ ನೀರಿಗೆ, ಸಂಪ್ ಪಂಪಿಗೆ ಸರಿ. ಇಲ್ಲಿಗೆ ಅಲ್ಲ.

ಎರಡನೆಯದು ಡಿಸ್ಕ್ ಫಿಲ್ಟರ್. ಕೋಲಾರ, ದೊಡ್ಡಬಳ್ಳಾಪುರದ ಕಡೆ ಡ್ರಿಪ್ ಹಾಕಿದ ತೋಟಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಸಣ್ಣ ಗೆರೆಗಳಿರುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಜೋಡಿಸಿರುತ್ತಾರೆ. ಡ್ರಿಪ್‌ಗೆ ಸಾಮಾನ್ಯವಾಗಿ ಹಾಕುವುದು 120 ಮೆಶ್, ಅಂದರೆ ಸುಮಾರು 130 ಮೈಕ್ರಾನ್ (0.13 ಮಿ.ಮೀ.) ಸಂದು. ನಾಲ್ಕರಲ್ಲಿ ಅತಿ ಶುದ್ಧ ನೀರು ಕೊಟ್ಟದ್ದು ಇದೇ. ಕೊನೆಯಲ್ಲಿ ಬರುವ ನೀರನ್ನು ಗಾಜಿನ ಲೋಟಕ್ಕೆ ಹಿಡಿದರೆ ಬಣ್ಣ ಒಂದು ಬಿಟ್ಟು ಕಸ ಏನೂ ಕಾಣುತ್ತಿರಲಿಲ್ಲ.

ಆದರೂ ಇದನ್ನು ತೆಗೆದುಬಿಟ್ಟೆವು. ಕೊಳವೆಬಾವಿ ನೀರು ಬೇರೆ, ಚರಂಡಿ ಸೇರುವ ಕೆರೆಯ ನೀರು ಬೇರೆ. ಕೆರೆ ನೀರಿನ ಪಾಚಿ ಲೋಳೆಯಾಗಿ ಬಿಲ್ಲೆಗಳ ಗೆರೆಗೆ ಅಂಟಿಕೊಳ್ಳುತ್ತದೆ. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಫಿಲ್ಟರ್ ದಾಟಿದ ಮೇಲಿನ ಗೇಜ್ ಇಳಿಯಲು ಶುರು. ಬೋಟ್ ನಡೆಸುವ ಹುಡುಗ ಮೊದಲನೇ ಸಲವೇ ಕೂಗಿದ: ‘ಅಣ್ಣ, ಹೀಟ್ ಮುಳ್ಳು ಏರ್ತಾ ಇದೆ, ಆಫ್ ಮಾಡ್ಲಾ?’ ಮಾಡಲೇಬೇಕಾಯಿತು. ಬಿಲ್ಲೆಗಳನ್ನು ಸಡಿಲಿಸಿ ಪೈಪಿನಿಂದ ನೀರು ಹೊಡೆದರೆ ತೊಳೆದುಹೋಗುತ್ತದೆ, ನಿಜ. ಆದರೆ ಕೆರೆ ಮಧ್ಯದಲ್ಲಿ ಒಳ್ಳೆಯ ನೀರಿನ ಪೈಪ್ ಎಲ್ಲಿಂದ ತರುವುದು?

ಅಸಲಿಗೆ ಎಂಜಿನ್‌ಗೆ ಅಷ್ಟು ಶುದ್ಧ ನೀರು ಬೇಕಾಗಿಯೂ ಇಲ್ಲ. ನೀರು ಹರಿಯುವ ದಾರಿಯಲ್ಲಿ ತೀರಾ ಕಿರಿದಾದದ್ದು ಯಾವುದು ಎಂದು ಮೊದಲು ಅಳೆಯಬೇಕು. ಈ ಎಂಜಿನ್‌ನಲ್ಲಿ ಅದು ಆಯಿಲ್ ಕೂಲರ್‌ನ ಕೊಳವೆ, ಸುಮಾರು 6 ಮಿ.ಮೀ. ಅದರ ಅರ್ಧದಷ್ಟು ತೂತಿರುವ ಜರಡಿ ಸಾಕು. ಇನ್ನೂ ಸಣ್ಣ ಜರಡಿ ಹಾಕಿದಷ್ಟೂ ಎಂಜಿನ್‌ಗೆ ನೀರೇ ಕಡಿಮೆಯಾಗುತ್ತದೆ. ಅದರಲ್ಲೂ ಐಡ್ಲಿಂಗ್‌ನಲ್ಲಿ, ಅಂದರೆ ಎಂಜಿನ್ ಕನಿಷ್ಠ ವೇಗದಲ್ಲಿ ಓಡುವಾಗ. ಪಂಪಿನ ಲೆಕ್ಕ ಹೀಗಿದೆ: ಆರ್‌ಪಿಎಂ ಅರ್ಧಕ್ಕೆ ಇಳಿದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಕಳೆ ತೆಗೆಯುವ ಬೋಟ್ ದಿನದ ಬಹುಪಾಲು ನಿಧಾನವಾಗಿಯೇ ಓಡುತ್ತದೆ ಅಲ್ವಾ? ನೀರು ತಳ್ಳುವ ಶಕ್ತಿ ಕಡಿಮೆ ಇರುವ ಹೊತ್ತಿನಲ್ಲೇ ಕಸ ಜಾಸ್ತಿ. ಜೊತೆಗೆ ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಕಾರಿನ ರೇಡಿಯೇಟರ್‌ಗೆ ಇರುವಂಥ ಪ್ರೆಷರ್ ಮುಚ್ಚಳ ಈ ಎಂಜಿನ್‌ಗೆ ಇಲ್ಲ, ಹಾಗಾಗಿ ಒತ್ತಡದಿಂದ ಕುದಿಯುವ ಮಟ್ಟ ಏರಿಸುವ ಅನುಕೂಲವೂ ಇಲ್ಲ.

ಮೂರನೆಯದು ಹೈಡ್ರೋಸೈಕ್ಲೋನ್. ಇದೂ ಡ್ರಿಪ್ ಅಂಗಡಿಯದೇ. ಆಲಿಕೆಯಂಥ ಪಾತ್ರೆ. ನೀರು ಪಕ್ಕದಿಂದ ನುಗ್ಗಿ ಸುಳಿಯಾಗಿ ತಿರುಗುತ್ತದೆ, ಭಾರದ ಮರಳು ಗೋಡೆಗೆ ತಾಗಿ ಕೆಳಗಿನ ಡಬ್ಬಿಗೆ ಇಳಿಯುತ್ತದೆ, ಉಳಿದ ನೀರು ಮೇಲಿನಿಂದ ಹೋಗುತ್ತದೆ. ಜಾಲರಿಯೇ ಇಲ್ಲ, ಹಾಗಾಗಿ ಕಟ್ಟಿಕೊಳ್ಳುವ ಮಾತು ಕಡಿಮೆ. ನನಗೆ ಬಹಳ ಆಸೆ ಇದ್ದದ್ದು ಇದರ ಮೇಲೆ. ಆದರೆ ಬೇರಿನ ಚೂರು, ಪ್ಲಾಸ್ಟಿಕ್, ಥರ್ಮಾಕೋಲ್ ಕಾಳು ಯಾವುದೂ ಮರಳಿನಷ್ಟು ಭಾರ ಇಲ್ಲ. ಎಲ್ಲ ನೀರಿನ ಜೊತೆ ಆರಾಮಾಗಿ ಮೇಲೆ ಹೋಗುತ್ತವೆ. ಬೋಟ್ ನಿಧಾನವಾದರೆ ಸುಳಿಯೂ ನಿಲ್ಲುತ್ತದೆ, ಆಗ ಮರಳೂ ಇಳಿಯುವುದಿಲ್ಲ.

ಜೆಟ್ ಬೋಟನ್ನು ಇವತ್ತಿನ ರೂಪಕ್ಕೆ ತಂದ ಬಿಲ್ ಹ್ಯಾಮಿಲ್ಟನ್ ನ್ಯೂಜಿಲೆಂಡಿನವರು. 1950ರ ದಶಕದಲ್ಲಿ ಅಲ್ಲಿನ ಆಳವಿಲ್ಲದ, ಜಲ್ಲಿ ತುಂಬಿದ ಹೊಳೆಗಳಿಗಾಗಿ ಮಾಡಿದ್ದು. 1977ರಲ್ಲಿ ಎಡ್ಮಂಡ್ ಹಿಲರಿ ಗಂಗಾ ನದಿಯಲ್ಲಿ ಸಮುದ್ರದ ಕಡೆಯಿಂದ ಹಿಮಾಲಯದ ಕಡೆಗೆ ಹೊರಟದ್ದೂ ಜೆಟ್ ಬೋಟ್‌ಗಳಲ್ಲೇ. ಹೊಳೆಯ ಬೋಟಿಗೆ ಮರಳಿನದೇ ದೊಡ್ಡ ಚಿಂತೆ, ಅದಕ್ಕೆ ಹೇಳುವ ಉಪಾಯಗಳೂ ಮರಳು ಹಿಡಿಯುವ ಉಪಾಯಗಳೇ. ನಮ್ಮ ಕೆರೆಗಳ ಕಸವೇ ಬೇರೆ. ಮಳೆಗಾಲದಲ್ಲಿ ರಾಜಕಾಲುವೆ ಬಂದು ಸೇರುವ ಜಾಗದಲ್ಲಿ ಮಾತ್ರ ಹೈಡ್ರೋಸೈಕ್ಲೋನ್ ತನ್ನ ಬೆಲೆ ತೋರಿಸಿತು. ಕಟ್ಟಡಗಳ ಎಂ-ಸ್ಯಾಂಡ್ ಕೊಚ್ಚಿಕೊಂಡು ಬರುವುದು ಅಲ್ಲೇ.

ಕೊನೆಗೆ ಬಾಸ್ಕೆಟ್ ಸ್ಟ್ರೈನರ್. ನನ್ನ ಓಟು ಇದಕ್ಕೇ. ಅಗಲ ಬಾಯಿಯ ಡಬ್ಬಿ, ಒಳಗೆ ತೂತಿನ ಸ್ಟೀಲ್ ಬುಟ್ಟಿ, ಮೇಲೆ ಕೈಯಲ್ಲೇ ಬಿಚ್ಚುವ ಮುಚ್ಚಳ. ನೀರು ಬುಟ್ಟಿಯ ಒಳಗಿನಿಂದ ಹೊರಕ್ಕೆ ಹರಿಯುತ್ತದೆ, ಕಸ ಒಳಗೇ ಉಳಿಯುತ್ತದೆ. ಪೀಣ್ಯದಲ್ಲೇ 3 ಮಿ.ಮೀ. ತೂತಿನ ಶೀಟ್ ಸುತ್ತಿಸಿ ಬುಟ್ಟಿ ಮಾಡಿಸಿದೆವು. ಮೊದಲನೇ ಸಲ ಎತ್ತಿದಾಗ ತಳದಲ್ಲಿ ಬಸವನಹುಳುವಿನ ಚಿಪ್ಪು, ಹಾಲಿನ ಕವರಿನ ನೀಲಿ ಚೂರು, ಒಂದೆರಡು ಬಾಟಲಿ ಮುಚ್ಚಳದ ತುಂಡು. ಗೋಡೆಗೆ ಅಂತರಗಂಗೆಯ ಕಪ್ಪು ಬೇರು ಬಾಚಣಿಗೆಗೆ ಸುತ್ತಿದ ಕೂದಲಿನ ಹಾಗೆ ಹೆಣೆದುಕೊಂಡಿತ್ತು. ಇಷ್ಟೆಲ್ಲ ಇದ್ದರೂ ಎರಡು ಗೇಜ್‌ಗಳ ನಡುವಿನ ಅಂತರ ಸ್ವಲ್ಪವೇ. ಕಾರಣ ಇಷ್ಟೇ: ಅರ್ಧ ಬುಟ್ಟಿ ಮುಚ್ಚಿದರೂ ಉಳಿದರ್ಧದ ತೂತುಗಳಿಂದ ಬೇಕಾದಷ್ಟು ನೀರು ಹೋಗುತ್ತದೆ. ಜಾಲರಿ ಎಷ್ಟು ಸಣ್ಣದು ಎನ್ನುವುದಕ್ಕಿಂತ ಅದರ ಹರವು ಎಷ್ಟು ದೊಡ್ಡದು ಎನ್ನುವುದು ಮುಖ್ಯ.

ಇಂಥವನ್ನೇ ಎರಡು ಪಕ್ಕಪಕ್ಕದಲ್ಲಿ ಕೂರಿಸಿ, ಹಿಂದೆ ಮುಂದೆ ಬಾಲ್ ವಾಲ್ವ್ ಹಾಕಿದರೆ ಇನ್ನೂ ಒಳ್ಳೆಯದು. ಒಂದನ್ನು ತೊಳೆಯುವಾಗ ಇನ್ನೊಂದು ಓಡುತ್ತಿರುತ್ತದೆ, ಎಂಜಿನ್ ನಿಲ್ಲಿಸಬೇಕಾಗಿಲ್ಲ. ಈಗ ಬೋಟಿನಲ್ಲಿರುವುದು ಇದೇ ಏರ್ಪಾಡು. ಮಳೆಗಾಲಕ್ಕೆ ಬಾಸ್ಕೆಟ್ ಆದಮೇಲೆ ಹೈಡ್ರೋಸೈಕ್ಲೋನ್ ಸೇರಿಸುತ್ತೇವೆ, ಬೇಸಿಗೆಗೆ ತೆಗೆಯುತ್ತೇವೆ.

ಒಂದು ಎಚ್ಚರಿಕೆ. ಒಳಗಿನ ಕಸ ಕಾಣಲಿ ಎಂದು ಪಾರದರ್ಶಕ ಮುಚ್ಚಳದ ಬಾಸ್ಕೆಟ್ ತರುವವರು ಅದು ಎಷ್ಟು ಒತ್ತಡ ತಡೆಯುತ್ತದೆ ಎಂದು ಕೇಳಿಯೇ ತರಬೇಕು. ಪೂರ್ತಿ ವೇಗದಲ್ಲಿ ಜೆಟ್ ಪಂಪಿನ ಒತ್ತಡ ಬಹಳ ಏರುತ್ತದೆ. ಮುಚ್ಚಳ ಸೀಳಿದರೆ ಅದೇ ನೀರು ಬೋಟಿನೊಳಗೆ ತುಂಬುತ್ತದೆ, ಎಂಜಿನ್‌ಗೆ ಹನಿಯೂ ಸಿಗುವುದಿಲ್ಲ. ಎಕ್ಸಾಸ್ಟ್‌ನ ರಬ್ಬರ್ ಹೋಸ್ ಸುಡುವುದಕ್ಕೆ ಆಮೇಲೆ ಹೆಚ್ಚು ಹೊತ್ತು ಬೇಕಿಲ್ಲ. ಹಾಗಾಗಿ ಫಿಲ್ಟರಿಗೆ ಮೊದಲೇ ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ಒಂದು ಪ್ರೆಷರ್ ರಿಲೀಫ್ ವಾಲ್ವ್ ಇರಲಿ.

ನುಣ್ಣನೆ ಹೂಳನ್ನು ಬಾಸ್ಕೆಟ್ ತಡೆಯುವುದಿಲ್ಲ. ಅದು ಬ್ಲಾಕಿನ ತಳದಲ್ಲಿ ಕೂರುತ್ತದೆ. ಕೆಲಸ ಮುಗಿಸಿ ಬೋಟ್ ಎಳೆದ ದಿನವೇ ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಬೇಕು. ನೀರು ಬರದಿದ್ದರೆ ತಂತಿ ಹಾಕಿ ಕುಕ್ಕಬೇಕು, ಆಮೇಲೆ ಒಳ್ಳೆಯ ನೀರು ಬಿಟ್ಟು ತೊಳೆಯಬೇಕು. ಒಂದು ವಾರ ಬಿಟ್ಟರೆ ಹೂಳು ಒಣಗಿ ಗಟ್ಟಿಯಾಗುತ್ತದೆ, ಆಗ ತಂತಿಯೂ ಇಳಿಯುವುದಿಲ್ಲ.