'ದಿ ರಾಕೆಟ್' ನೋಡ್ಬೇಕಾ, 'ಅಂಕಲ್ ಬೂನ್ಮೀ'ನಾ?

ಹಳ್ಳಿಯ ನಂಬಿಕೆ, ಕೈತಪ್ಪುವ ನೆಲ, ಎರಡೂ ಇರುವ ಸಿನಿಮಾ ಬೇಕಾದರೆ ಮೊದಲು 'ದಿ ರಾಕೆಟ್' (2013) ಹಾಕಿ. ನಿರ್ದೇಶಕ ಕಿಮ್ ಮೊರ್ಡಾಂಟ್ ಆಸ್ಟ್ರೇಲಿಯಾದವರು, ಕತೆ ಲಾವೋಸ್‌ನದು. ಅವಳಿಗಳಲ್ಲಿ ಒಂದು ಶುಭ, ಇನ್ನೊಂದು ಅನಿಷ್ಟ ಅನ್ನುವುದು ಅಲ್ಲಿನ ನಂಬಿಕೆ. ಅವಳಿಗಳಲ್ಲಿ ಬದುಕಿ ಉಳಿದವನು ಅಹ್ಲೋ. ಅಣೆಕಟ್ಟಿಗಾಗಿ ಊರು ಬಿಡಬೇಕಾಗುತ್ತದೆ, ದಾರಿಯಲ್ಲಿ ತಾಯಿ ಸಾಯುತ್ತಾಳೆ. ಅಜ್ಜಿ ಬೈಯುವುದು ಹುಡುಗನನ್ನೇ. ಅಣೆಕಟ್ಟಿನವರು ಕೈಗೆ ಸಿಗುವುದಿಲ್ಲ, ಮೊಮ್ಮಗ ಸಿಗುತ್ತಾನೆ, ಅಲ್ವಾ? ನನಗೆ ಹಿಡಿಸಿದ್ದು ಇದೇ.

ಹೊಸ ನೆಲ ಹುಡುಕುವುದೂ ಸುಲಭವಲ್ಲ. 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬ್ ಸುರಿದಿತ್ತು. ಸಿಡಿಯದೆ ಉಳಿದವು ಇನ್ನೂ ಮಣ್ಣಿನಲ್ಲಿವೆ. ಕತೆ ಕೊನೆಗೆ ಮಳೆ ಕೇಳಲು ರಾಕೆಟ್ ಹಾರಿಸುವ ಹಬ್ಬಕ್ಕೆ ಬರುತ್ತದೆ. ಅಲ್ಲಿ ಸಿಹಿ ಸ್ವಲ್ಪ ಜಾಸ್ತಿಯಾಯಿತು, ಆದರೂ ದೊಡ್ಡ ಮಕ್ಕಳ ಜೊತೆ ಕೂತು ನೋಡಬಹುದು.

ಅಪಿಚಾಟ್‌ಪಾಂಗ್ ವೀರಸೇತಕುಲ್ ಅವರ 'ಅಂಕಲ್ ಬೂನ್ಮೀ ಹೂ ಕ್ಯಾನ್ ರೀಕಾಲ್ ಹಿಸ್ ಪಾಸ್ಟ್ ಲೈವ್ಸ್' (2010) ಬೇರೆಯೇ ಜಾತಿ. ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಗೆದ್ದ ಚಿತ್ರ. ಜಾಗ ಥಾಯ್ಲೆಂಡಿನ ಈಶಾನ್ಯದ ಇಸಾನ್. ಕಿಡ್ನಿ ಕೆಟ್ಟ ತೋಟದ ಯಜಮಾನನ ಊಟದ ಮೇಜಿಗೆ ಸತ್ತ ಹೆಂಡತಿ ಬಂದು ಕೂರುತ್ತಾಳೆ. ಕಳೆದುಹೋದ ಮಗ ಕೆಂಪು ಕಣ್ಣಿನ ಕೋತಿಯಾಗಿ ಬರುತ್ತಾನೆ. ಯಾರೂ ಕಿರುಚುವುದಿಲ್ಲ! ಇಲ್ಲಿ ನೆಲವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ತನ್ನ ನಂತರ ತೋಟ ಯಾರಿಗೆ ಅನ್ನುವ ಚಿಂತೆ, ಹಿಂದೆ ಕಮ್ಯುನಿಸ್ಟರನ್ನು ಕೊಂದ ಪಾಪದ ಭಾರ, ಅಷ್ಟೇ. ಸ್ಥಳಾಂತರದ ಕತೆಯೇ ಬೇಕಿದ್ದರೆ ಇದು ನಿರಾಸೆ ಮಾಡಬಹುದು. ಫೋನಿನಲ್ಲಿ ಸುಮ್ನೆ ನೋಡಬೇಡಿ, ಕತ್ತಲ ದೃಶ್ಯಗಳಲ್ಲಿ ಏನೂ ಕಾಣುವುದಿಲ್ಲ.